ಎಡಗೈ ಸರಿಗೆ

“ಕೇಳಿರಿ, ಕೇಳಿರಿ! ಚೀನದಿಂದ ಬರುವ, ಮಾತಾಡುವ ಕನ್ನಡಿಗಳಿಗಾಗಿ ನಮ್ಮ ಬೊಕ್ಕಸದ ಚಿನ್ನವೆಲ್ಲ ಹಡಗು ಹತ್ತಿ ಹೋಗುತ್ತಿದೆ. ಬರುವ ಹುಣ್ಣಿಮೆಗೆ ದೊರೆಗಳು ಚೀನದ ಮೇಲೆ ದಂಡೆತ್ತಿ ಹೋಗುವವರಿದ್ದಾರೆ. ಅಷ್ಟರೊಳಗೆ ರಾಜಕುಮಾರಿಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುವುದು, ದಂಡು ನಿಲ್ಲುವುದು. ತಪ್ಪು ಹೇಳಿದವರ ತಲೆ ಹೋಗುವುದು!”

ಸಂಗಳ ಪಟ್ಟಣದಲ್ಲಿ ಹೀಗೆ ಡಂಗುರ ಸಾರಿದಾಗ ಹಾಲಪ್ಪ ಅರಮನೆಯ ಬಾಗಿಲಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದ. ದಂಡಿನ ಚಿಂತೆ ಅವನದಲ್ಲ, ಅವನದೇನಿದ್ದರೂ ಸುಂಕದ ಕಟ್ಟೆಯ ಚಿಂತೆ. ಆ ಊರಿನಲ್ಲಿ ಒಂದು ವಿಚಿತ್ರ ಕಟ್ಟಳೆಯಿತ್ತು. ಸರಕಿಗೆ ಕೊನೆಯ ಗಂಟು ಯಾರು ಹಾಕಿದರೋ ಇಡೀ ಸರಕು ಅವರದೇ ಎಂದು ಲೆಕ್ಕ. ಹೂವು ಇನ್ಯಾರದೋ ತೋಟದ್ದು, ನಾರು ಇನ್ಯಾರೋ ಸೀಳಿದ್ದು. ಆದರೂ ಮಾಲೆಯ ಪೂರ್ತಿ ಸುಂಕ ಹಾಲಪ್ಪನ ತಲೆಗೇ ಬೀಳುತ್ತಿತ್ತು. ಅಜ್ಜನ ಕಾಲದಿಂದ ಹಾಗೇ ನಡೆದುಬಂದಿದ್ದರಿಂದ ಯಾರೂ ಏಕೆಂದು ಕೇಳಿರಲಿಲ್ಲ.

ಮರುದಿನ ಸಭೆ ಸೇರಿತು. ಹೂವು ಕೊಡಲು ಬಂದ ಹಾಲಪ್ಪನೂ ಗುಂಪಿನಲ್ಲಿ ನಿಂತಿದ್ದ. ದೊರೆ ಸಿಂಹಾಸನದ ತುದಿಯಲ್ಲಿ ಕೂತಿದ್ದ. ಮನಸ್ಸು ಆಗಲೇ ಹಡಗು ಹತ್ತಿತ್ತು. ಮಗಳು ಮಾಣಿಕದೇವಿ ಹಟ ಹಿಡಿದು, ಉಪವಾಸ ಕೂತು, ಈ ಒಗಟಿನ ಅವಕಾಶ ಪಡೆದಿದ್ದಳು. ತಲೆ ತೆಗೆಯುವ ಮಾತು ಮಾತ್ರ ದೊರೆಯದು.

ಅವಳು ಮೊದಲ ಒಗಟು ಹೇಳಿದಳು: “ಏಳು ಮನೆಯಲ್ಲಿ ಹುಟ್ಟಿದ ಕೂಸು. ಊರವರು ಕರೆಯುವುದು ಮಾತ್ರ ಕೊನೆಯ ಮನೆಯ ಹೆಸರಿನಿಂದ. ಯಾವುದದು?”

ಸೇನಾಪತಿಯ ಮಗ ಮೀಸೆ ತಿರುವಿ, “ಕೋಗಿಲೆ ಮರಿ” ಅಂದ. ಆಸ್ಥಾನದ ಪಂಡಿತರೊಬ್ಬರು “ನದಿ” ಅಂದರು. ಎರಡೂ ತಪ್ಪು. ಇಬ್ಬರನ್ನೂ ಸೆರೆಮನೆಗೆ ಎಳೆದೊಯ್ದರು. ಆಮೇಲೆ ಗುಂಪಿನಿಂದ ಮುಂದೆ ಬಂದವನನ್ನು ಕಂಡು ಹಾಲಪ್ಪನ ಕೈಯಿಂದ ಹೂವಿನ ಬುಟ್ಟಿ ಜಾರಿತು. ಅವನು ಒಡಹುಟ್ಟಿದ ಅಣ್ಣ, ಚಿನ್ನದ ಸರಿಗೆ ಎಳೆಯುವ ಹೊನ್ನಯ್ಯ.

“ಕದ್ದ ಮಾಲು, ಬುದ್ದೀ!” ಎಂದು ಹೊನ್ನಯ್ಯ ದೊರೆಯ ಮುಖ ನೋಡಿಕೊಂಡೇ ಹೇಳಿದ. “ಚೀನದವರು ಏಳು ಮನೆ ದೋಚಿ ತಮ್ಮ ಹೆಸರು ಹಾಕ್ಕೊಂಡಿದ್ದಾರೆ!”

ದೊರೆ ಹಿಗ್ಗಿ ಚಪ್ಪಾಳೆ ತಟ್ಟಿದ. ಸಭೆಯೆಲ್ಲ ಭಲೇ ಅಂದಿತು. ಮಾಣಿಕದೇವಿ ತಲೆಯಾಡಿಸಿ, “ತಪ್ಪು” ಅಂದಳು. ದೊರೆಗೆ ಇಷ್ಟವಾದ ಉತ್ತರವೇ ಆದರೂ ಆಡಿದ ಮಾತು ಆಡಿಯಾಗಿತ್ತು. ಹೊನ್ನಯ್ಯನ ಕೈಗೂ ಕೋಳ ಬಿತ್ತು. ಅವನು ಒಂದು ಸಲ ತಿರುಗಿ ತಮ್ಮನನ್ನು ನೋಡಿದ. ಆ ನೋಟ ನೋಡಿದ ಮೇಲೆ ಹಾಲಪ್ಪನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಧೈರ್ಯ ಬಂತೆಂದಲ್ಲ, ಕಾಲೇ ಅವನನ್ನು ಎಳೆದುಕೊಂಡು ಹೋಗಿ ಸಿಂಹಾಸನದ ಮುಂದೆ ನಿಲ್ಲಿಸಿತು.

“ಅಮ್ಮಣ್ಣೀ, ಅದು ನಮ್ಮ ಮಾಲೆ ಇದ್ದ ಹಾಗಲ್ವಾ?” ಅಂದ ತೊದಲುತ್ತಾ. “ಹೂವು ಒಬ್ಬರದು, ನಾರು ಒಬ್ಬರದು, ಹೆಸರು ಮಾತ್ರ ಗಂಟು ಹಾಕಿದವನದು. ಆ ಮಾತಾಡೋ ಕನ್ನಡಿಯೂ ಹಾಗೇ ಇರಬೇಕು. ಗಾಜು ಒಂದು ದೇಶದ್ದು, ಹರಳು ಒಂದು ದೇಶದ್ದು. ಚೀನದವರು ಜೋಡಿಸಿ ಕೊನೇ ಗಂಟು ಹಾಕ್ತಾರೆ. ನಾವು ಪೂರ್ತಿ ಬೆಲೆ ಅವರ ಲೆಕ್ಕಕ್ಕೇ ಹಾಕ್ತೀವಿ.”

“ಸರಿ” ಅಂದಳು ರಾಜಕುಮಾರಿ. “ಎರಡನೆಯದು. ದೊರೆ ಮಾರಿದ, ದೊರೆಯೇ ಕೊಂಡ. ಮಾರಿದ್ದು ಮರೆತ, ಕೊಂಡದ್ದನ್ನು ಮಾತ್ರ ನೆನೆದು ಸಿಟ್ಟಾದ. ಏನದು?”

ಹಾಲಪ್ಪನಿಗೆ ಕಣ್ಣು ಮುಚ್ಚಿದರೆ ಅಣ್ಣನ ಕೋಳವೇ ಕಾಣುತ್ತಿತ್ತು, ಕೋಳದೊಳಗಿನ ಆ ಎಡಗೈ. ಹೊನ್ನಯ್ಯ ಎಡಚ. ಸರಿಗೆ ಬೀದಿಯವರೆಲ್ಲ ಬಲಕ್ಕೆ ಹುರಿ ಮಾಡಿದರೆ ಅವನ ಸರಿಗೆ ಎಡಕ್ಕೆ ಹುರಿಯಾಗುತ್ತಿತ್ತು. ಅಂಥದೇ ಎಳೆಯನ್ನು ಹಾಲಪ್ಪ ಬೇರೆಲ್ಲೋ ಕಂಡಿದ್ದ. ಅರಮನೆಯವರು ಕಸಕ್ಕೆ ಎಸೆದ ಚೀನದ ಒಡಕು ಕನ್ನಡಿಯೊಂದರಲ್ಲಿ! ಹೊಳೆಯುತ್ತದೆಂದು ಆ ಎಳೆಯನ್ನು ಎತ್ತಿಕೊಂಡು ಅದರಲ್ಲೇ ಒಂದು ಹೂವಿನ ದಂಡೆಯನ್ನೂ ಕಟ್ಟಿದ್ದ.

“ನಮ್ಮೂರ ಚಿನ್ನದ ಸರಿಗೆ!” ಎಂದು ಕೂಗಿದ. “ದ್ವೀಪದ ವ್ಯಾಪಾರಿಗಳು ದೊರೆಗಳ ಬೊಕ್ಕಸದಿಂದಲೇ ಕೊಂಡ್ಕೊಂಡು ಹೋಗ್ತಾರೆ, ಅವರಿಂದ ಅದು ಚೀನಕ್ಕೆ ಹೋಗಿರಬೇಕು. ಕನ್ನಡಿಯ ಹೊಟ್ಟೆಯಲ್ಲಿ ಮನೆಗೇ ವಾಪಸ್ ಬಂದಿದೆ. ಒಡೆದು ನೋಡಿ ಬುದ್ದೀ!”

ಅರಮನೆಯ ಕನ್ನಡಿಯೊಂದನ್ನು ತಂದು ಒಡೆದರು. ಚೂರುಗಳ ನಡುವೆ ಎಳೆ ಮಿನುಗಿತು. ಹೊನ್ನಯ್ಯನನ್ನೇ ಕರೆತಂದು ಅವನ ಅಂಗೈ ಮೇಲೆ ಇಟ್ಟರು. ಅವನು ಬೆರಳಲ್ಲಿ ತಿರುವಿ ನೋಡಿದ.

“ನಂದೇ... ನನ್ನ ಕೈಯಿಂದಾನೇ” ಅಂದ. “ನಾನು ಎಳೆದದ್ದನ್ನ ನಾನೇ ಕದ್ದ ಮಾಲು ಅಂದೆನಲ್ಲಪ್ಪಾ!”

ಮಾಣಿಕದೇವಿ ತಂದೆಯ ಕಡೆಗೇ ತಿರುಗಿ ಮೂರನೆಯ ಒಗಟು ಹೇಳಿದಳು. “ಆಳದ ಬಾವಿ. ರಾಟೆಯ ಹಗ್ಗದ ಒಂದು ತುದಿಗೆ ಒಬ್ಬ, ಇನ್ನೊಂದು ತುದಿಗೆ ಅವನ ಹಗೆ, ಇಬ್ಬರೂ ನೇತಾಡುತ್ತಿದ್ದಾರೆ. ಇಬ್ಬರ ಸೊಂಟದಲ್ಲೂ ಚೂರಿಯಿದೆ. ಹಗ್ಗ ಕೊಯ್ದರೆ ಗೆಲ್ಲುವವರು ಯಾರು?”

“ಯಾರೂ ಇಲ್ಲ” ಅಂದ ಹಾಲಪ್ಪ. “ಒಬ್ಬರು ನಾವು, ಇನ್ನೊಬ್ಬರು ಚೀನದವರು. ಕೊಳ್ಳೋರಿಲ್ಲದಿದ್ದರೆ ಅಲ್ಲಿನ ಒಲೆ ಉರಿಯಲ್ಲ. ಅವರು ಜೋಡಿಸದಿದ್ದರೆ ನಮ್ಮ ಸರಿಗೆ ಬೀದಿ ಉಪವಾಸ ಬೀಳುತ್ತೆ. ಯಾರು ಕೊಯ್ದರೂ ಇಬ್ಬರೂ ಬಾವಿಪಾಲು.”

ದೊರೆ ಧಡಕ್ಕನೆ ಎದ್ದ. “ಹಾಗಾದರೆ ನನ್ನ ಚಿನ್ನ ಹೋಗುತ್ತಿರುವುದು ಸುಳ್ಳೇನೋ?”

“ಸುಳ್ಳಲ್ಲ ಬುದ್ದೀ. ಹೋಗ್ತಿದೆ. ನೀವು ಅಂದ್ಕೊಂಡಷ್ಟಲ್ಲ, ಎಲ್ಲಾ ಅವರೊಬ್ಬರಿಗೇ ಅಲ್ಲ.”

ದೊರೆ ಆ ಎಳೆಯನ್ನು ತನ್ನ ಕೈಗೆ ತೆಗೆದುಕೊಂಡು ನೋಡಿದ. ಕೊನೆಗೆ, “ಏನು ಬೇಕೋ ಕೇಳು. ಅರ್ಧ ರಾಜ್ಯ ಕೇಳಿದರೂ ಕೊಟ್ಟೇನು” ಅಂದ.

ಹಾಲಪ್ಪ ಅಣ್ಣನನ್ನೂ ಸೆರೆಯಲ್ಲಿದ್ದ ಉಳಿದಿಬ್ಬರನ್ನೂ ಬಿಡಬೇಕೆಂದು ಕೇಳಿದ. ಕೊನೆಯ ಗಂಟಿನ ಕಟ್ಟಳೆ ತೆಗೆಯಬೇಕೆಂದೂ ಕೇಳಿದ. ದೊರೆ ಎಲ್ಲಕ್ಕೂ ಒಪ್ಪಿದ. ದಂಡು ನಿಂತಿತು, ಆದರೆ ಹಡಗಿಗೆ ಏರಿಸಿದ್ದ ತೋಪುಗಳನ್ನು ಕೆಳಗಿಳಿಸಲಿಲ್ಲ. ಈಗಲೂ ಅವು ಕಡಲಿಗೆ ಮುಖ ಮಾಡಿಕೊಂಡೇ ಇವೆ. ಹೊನ್ನಯ್ಯ ಬೆಳಗಾದರೆ ಕೆಲಸಕ್ಕೆ ಕೂರುತ್ತಾನೆ. ಬಂದರಿನ ಕಡೆಯಿಂದ ಏನಾದರೂ ಸದ್ದು ಕೇಳಿದರೆ ತಟ್ಟನೆ ಅತ್ತ ತಿರುಗುತ್ತಾನೆ, ಎಳೆ ಹರಿಯುತ್ತದೆ.

ಸುಂಕ ಈಗ ಎಲ್ಲರಿಗೂ ಹಂಚಿಹೋಗುವುದರಿಂದ ಕಟ್ಟೆಯವನು ದಿನವೂ ಹಾಲಪ್ಪನ ಬುಟ್ಟಿ ತಡೆದು, “ಯಾರದಯ್ಯಾ ಇದು?” ಎಂದು ಕೇಳುತ್ತಾನೆ. ಹಾಲಪ್ಪ ಬುಟ್ಟಿ ಕೆಳಗಿಟ್ಟು ತೋಟದವರಿಂದ ಶುರುಮಾಡಿ ಒಂದೊಂದೇ ಹೆಸರು ಹೇಳುತ್ತಾನೆ. ಹಿಂದೆ ನಿಂತವರು ಹೊತ್ತಾಯಿತೆಂದು ಗೊಣಗುತ್ತಾರೆ. ಎಲ್ಲ ಹೆಸರು ಮುಗಿದ ಮೇಲೆ ಅವನು ತನ್ನದನ್ನು ಹೇಳಿ ಒಳಗೆ ಹೋಗುತ್ತಾನೆ.