ಓಗೊಟ್ಟ ಗುಡ್ಡ

ಕರಡಿಬಂಡೆಗೆ ಬರುವವರಿಗೆ ಊರಿಗಿಂತ ಮೊದಲು ಗುಡ್ಡ ಕಾಣುತ್ತದೆ. ಅದಿರು ಅಗೆದು ಅಗೆದು ಅದರ ಬಡಗಣ ಮಗ್ಗುಲು ಕೆಂಪಗೆ ಕಿತ್ತುಹೋಗಿದೆ. ತೆಂಕಣ ಮಗ್ಗುಲಿನಲ್ಲಿ ಮಾತ್ರ ಒಂದಿಷ್ಟು ಕಾರೆಗಿಡ, ಬಂದರಿಕೆ ಉಳಿದುಕೊಂಡಿವೆ. ನೆತ್ತಿಯ ಮೇಲೊಂದು ಚಪ್ಪಟೆ ಬಂಡೆ. ಈಚೆಗೆ ರಸ್ತೆಯ ಪಕ್ಕದಲ್ಲಿ ಯಾರೋ ಫಲಕವೊಂದನ್ನು ನೆಟ್ಟು, ‘ಓಗೊಟ್ಟ ಗುಡ್ಡ: ಇಲ್ಲಿ ಕೂಗಿದರೆ ಪ್ರತಿಧ್ವನಿ ಕೇಳುತ್ತದೆ’ ಎಂದು ಬರೆಸಿದ್ದಾರೆ. ಬರೆಸಿದ ಪುಣ್ಯಾತ್ಮರು ಒಂದು ಸಲವೂ ಗುಡ್ಡ ಹತ್ತಿದವರಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಈ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದವನು ನಾನು. ಮಕ್ಕಳನ್ನು ಕಟ್ಟಿಕೊಂಡು ಎಷ್ಟು ಸಲ ಹತ್ತಿಳಿದಿದ್ದೇನೋ. ಗಂಟಲು ಹರಿದುಕೊಂಡರೂ ಅಲ್ಲಿ ಪ್ರತಿಧ್ವನಿ ಬರುವುದಿಲ್ಲ. ಸುತ್ತಲೂ ಬಯಲು, ಕೂಗಿದ್ದು ಹೋದದ್ದೇ ಸೈ. ಹೆಸರಿಗೆ ಕಾರಣ ಬೇರೆಯೇ ಇದೆ, ಅದನ್ನು ನನ್ನ ಅಜ್ಜ ಪಂಪಯ್ಯನವರು ಕಣ್ಣಾರೆ ಕಂಡಿದ್ದರು.

ಹಿಂದೆ ಒಮ್ಮೆ, ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ, ಇಲ್ಲಿನ ಮ್ಯಾಂಗನೀಸ್ ಗಣಿಗೆ ಅಳತೆಯ ಕೆಲಸಕ್ಕೆಂದು ಪೋಲೆಂಡ್ ದೇಶದ ಯಾನುಷ್ ಝರೆಂಬಾ ಎಂಬವರು ಬಂದರು. ಊರವರ ಬಾಯಲ್ಲಿ ಅವರು ಯಾನೂಸಾಹೇಬರಾದರು. ಅವರ ದೇಶವನ್ನು ಎರಡು ದಿಕ್ಕಿನಿಂದ ಎರಡು ಸೈನ್ಯಗಳು ನುಂಗಿದ್ದವಂತೆ. ಹಿಮದ ನಾಡಿನ ಸೆರೆ, ಪರ್ಷಿಯಾ, ನಿರಾಶ್ರಿತರ ಶಿಬಿರ ಎಂದು ಅಲೆದು ಅಲೆದು ಇಲ್ಲಿ ಬಂದು ಮುಟ್ಟಿದ್ದರು. ಐವತ್ತರ ಆಸುಪಾಸು, ಒಂಟಿ ಜೀವ. ಮಾತನಾಡಲು ಅವರ ಭಾಷೆಯವರೊಬ್ಬರೂ ನೂರು ಹರದಾರಿಯೊಳಗೆ ಇರಲಿಲ್ಲ. ವಾರಕ್ಕೊಂದು ಪತ್ರ ಬರೆದು ಟಪಾಲಿಗೆ ಹಾಕುತ್ತಿದ್ದರು. ವಿಳಾಸಗಳು ಇಪ್ಪತ್ತೆರಡು, ಒಂದಾದ ಮೇಲೆ ಒಂದು ಸರದಿಯಲ್ಲಿ. ಆಗ ಅಂಚೆ ಮಾಸ್ತರರಾಗಿದ್ದವರು ನಮ್ಮ ಅಜ್ಜ. ಎರಡು ವರ್ಷದಲ್ಲಿ ಒಂದಕ್ಕೂ ಉತ್ತರ ಬರಲಿಲ್ಲ. ಎಷ್ಟೋ ಪತ್ರಗಳು ಮುದ್ರೆಯ ಮೇಲೆ ಮುದ್ರೆ ಬಿದ್ದು ಮರಳಿ ಬಂದವು. ಅವನ್ನು ಕೈಗೆ ಕೊಡುವಾಗ ಅಜ್ಜ ಅವರ ಮುಖ ನೋಡದೆ ಗೋಡೆ ನೋಡುತ್ತಿದ್ದರಂತೆ.

ಆ ಇಪ್ಪತ್ತೆರಡು ಜನ ಯಾರು ಎಂಬುದನ್ನು ಸಾಹೇಬರು ಅಂಚೆಮನೆಯ ಜಗಲಿಯಲ್ಲಿ ಕುಳಿತು ಹೇಳಿದ್ದುಂಟು. ಪೋಲೆಂಡ್ ಎಂಬ ದೇಶ ನಕ್ಷೆಯ ಮೇಲೆ ಇಲ್ಲದ ಕಾಲದಲ್ಲಿ, ಉತ್ತರದ ಕಡಲ ದಂಡೆಯ ಒಂದು ಊರಿನ ವಿದ್ಯಾಲಯಕ್ಕೆ ಓದಲು ಬಂದ ಒಂಬತ್ತು ಮಂದಿ ಪೋಲಿಷ್ ಹುಡುಗರು, ಬ್ರೆಡ್ ಸುಡುವವನೊಬ್ಬನ ಅಟ್ಟದಲ್ಲಿ ಸೇರಿ ಅಣ್ಣತಮ್ಮಂದಿರ ಕೂಟ ಕಟ್ಟಿದರು. ಅದರ ಹೆಸರು ನನ್ನ ನಾಲಿಗೆಗೆ ಹತ್ತುವುದಿಲ್ಲ, ತಪ್ಪಾಗಿ ಹೇಳುವುದಕ್ಕಿಂತ ಬಿಡುವುದೇ ಮೇಲು. ತಲೆಗೊಂದು ಪುಟ್ಟ ಟೊಪ್ಪಿಗೆ, ಎದೆಗೆ ಅಡ್ಡಲಾಗಿ ನೀಲಿ ಬಿಳಿ ಹಸಿರಿನ ಪಟ್ಟಿ. ಹೊಸಬನು ಒಂದು ವರ್ಷ ಹಿರಿಯರ ಮಾತಿನಂತೆ ನಡೆದುಕೊಂಡರೆ ಪಟ್ಟಿ ತೊಡಿಸಿ, ಸಂಖ್ಯೆ ಕೊಟ್ಟು, ದಪ್ಪ ಪುಸ್ತಕದಲ್ಲಿ ಹೆಸರು ಬರೆಯುತ್ತಿದ್ದರು. ಆಮೇಲೆ ಅವನು ವೈದ್ಯನಾಗಲಿ, ಪಾದ್ರಿಯಾಗಲಿ, ಸಾಯುವ ತನಕ ಆ ಮನೆಯವನೇ. ಆಗ ಆಳುತ್ತಿದ್ದ ಪರದೇಶದ ದೊರೆಯ ಪೊಲೀಸರು ಅಟ್ಟಕ್ಕೆ ಬೀಗ ಜಡಿದರು, ಕೂಟ ಇನ್ನೊಂದು ಅಟ್ಟಕ್ಕೆ ಹೋಯಿತು. ಮೊದಲ ಯುದ್ಧ ಊರನ್ನೇ ಬಿಡಿಸಿತು, ಕೂಟ ವಾರ್ಸಾಗೆ ಹೋಗಿ ಬೇರೂರಿತು. ಎರಡನೆಯ ಯುದ್ಧದಲ್ಲಿ ಮನೆ, ಪುಸ್ತಕ, ಮನುಷ್ಯರು ಎಲ್ಲ ಹೋದರು. ಸಾಹೇಬರ ಬಳಿ ಉಳಿದದ್ದು ಆ ಮೂರು ಬಣ್ಣದ ಎದೆಪಟ್ಟಿ, ಮತ್ತು ನೆನಪಿನಿಂದ ಅಳತೆಯ ಪುಸ್ತಕದಲ್ಲಿ ಬರೆದುಕೊಂಡ ತಮ್ಮ ಓರಗೆಯವರ ಇಪ್ಪತ್ತೆರಡು ಹೆಸರು.

ಕೂಟದ ಕಟ್ಟಳೆಯೊಂದಿತ್ತು. ಕೂಟ ಹುಟ್ಟಿದ ದಿನ, ಮೇ ತಿಂಗಳಲ್ಲಿ, ಎಲ್ಲರೂ ಸೇರಿ ಹೆಸರು ಕರೆಯಬೇಕು. ಇದ್ದವನು ಓಗೊಡುತ್ತಾನೆ, ಸತ್ತವನ ಹೆಸರಿಗೆ ಅಲ್ಲಿದ್ದವರಲ್ಲಿ ಇನ್ನೊಬ್ಬ ಓಗೊಡುತ್ತಾನೆ. ಕೊನೆಗೆ, ಓಗೊಟ್ಟವನು ಹೆಸರು ಕರೆದವನನ್ನೇ ಹೆಸರು ಹಿಡಿದು ಕರೆಯುತ್ತಾನೆ. ಒಬ್ಬೊಬ್ಬರನ್ನು ಕರೆಯುವುದು ಒಂದೇ ಸಲ. ಅಣ್ಣತಮ್ಮನನ್ನು ಎರಡು ಸಲ ಕರೆಯುವುದೆಂದರೆ ಅವನನ್ನು ನಂಬದಂತೆ. ಒಂದರ ಹಿಂದೊಂದು ಮೂರು ವರ್ಷ ಯಾರೂ ಓಗೊಡದೆ ಹೋದರೆ ಪುಸ್ತಕಕ್ಕೆ ಗೆರೆ ಎಳೆದು ಕೂಟ ಮುಗಿಯಿತು ಎನ್ನಬೇಕು. ಸಾಹೇಬರು ಎರಡು ವರ್ಷ ಈ ಗುಡ್ಡ ಹತ್ತಿ, ಪಟ್ಟಿ ತೊಟ್ಟು, ಬಯಲಿನ ಕಡೆ ಮುಖ ಮಾಡಿ ಕರೆದರು. ಯಾರೂ ಓಗೊಡಲಿಲ್ಲ.

ಓಗೊಡುವುದು ಹೋಗಲಿ, ಊರವರು ಬಾಗಿಲು ಹಾಕಿಕೊಂಡರು. ನಮ್ಮವರಲ್ಲಿ ಆಗ ಗಟ್ಟಿಯಾದ ನಂಬಿಕೆಯೊಂದಿತ್ತು: ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ; ದೆವ್ವವಾದರೆ ಒಂದೋ ಎರಡೋ ಸಲ ಕರೆದು ಸುಮ್ಮನಾಗುತ್ತದೆ; ಮೂರನೆಯ ಕರೆ ಕೇಳುವ ಮುನ್ನ ಓ ಎಂದವರ ಜೀವ ಹೋಗುತ್ತದೆ. ಹೊತ್ತು ಇಳಿಯುವಾಗ ಗುಡ್ಡದ ಮೇಲೆ ನಿಂತು, ಸತ್ತವರನ್ನು, ಅದೂ ಒಂದೊಂದೇ ಸಲ ಕರೆಯುವ ಬಿಳಿಯನನ್ನು ಕಂಡು ಅವರು ಇನ್ನೇನು ಮಾಡಿಯಾರು. ಮೂರನೆಯ ವರ್ಷ ತಾವು ಬಂದು ಓಗೊಡುವುದಾಗಿ ನಮ್ಮ ಅಜ್ಜ ಮಾತು ಕೊಟ್ಟರು. ಕೊಟ್ಟದ್ದೇನೋ ಕೊಟ್ಟರು.

ಸಾಹೇಬರ ಮನೆಗೆ ನೀರು ತುಂಬಿ, ರೊಟ್ಟಿ ಬಡಿದು ಕೊಡುತ್ತಿದ್ದವಳು ಹುಲಿಗೆವ್ವ ಎಂಬ ವಿಧವೆ. ಸಾಹೇಬರು ಬರುವುದಕ್ಕೂ ಆರು ವರ್ಷ ಮುಂಚೆ ಗಣಿಯ ಸುರಂಗದ ಬಾಯಿ ಕುಸಿದು ಅವಳ ಗಂಡ ಗಾದಿಲಿಂಗ ಒಳಗೆ ಸಿಕ್ಕಿಕೊಂಡಿದ್ದ. ಸುದ್ದಿ ಕೇಳಿ ಓಡಿದವಳಿಗೆ ಮಣ್ಣಿನ ಆಚೆಯಿಂದ ‘ಹುಲಿಗೀ’ ಎಂಬ ಕರೆ ಕೇಳಿಸಿತು. ತಡೆದು ಇನ್ನೊಮ್ಮೆ ಕೇಳಿಸಿತು. ಓ ಎನ್ನಲು ಹೋದವಳ ಬಾಯನ್ನು ಹೆಂಗಸರು ಸೆರಗಿನಿಂದ ಒತ್ತಿ ಹಿಡಿದರು. ಸತ್ತವನು ಕರೆಯುತ್ತಿದ್ದಾನೆ, ಮೂರನೆಯದಕ್ಕೆ ಕಾಯಿ ಎಂದರು. ಮೂರನೆಯದು ಬರಲಿಲ್ಲ. ಸತ್ತನೆಂದೇ ಎಣಿಸಿದ್ದರಿಂದ ಅಗೆತವೂ ಮರುದಿನಕ್ಕೆ ಹೋಯಿತು. ಹೆಣ ತೆಗೆದವರು, ಇವನ ಉಗುರೆಲ್ಲ ಸವೆದಿವೆ, ಬಹಳ ಹೊತ್ತು ಬದುಕಿದ್ದಾನೆ ಎಂದರಂತೆ. ನಮ್ಮೂರವರು ಕೆಟ್ಟವರಲ್ಲ, ಹೆದರಿದವರು.

ಮೂರನೆಯ ಮೇ ತಿಂಗಳು ಬಂತು. ಸಾಹೇಬರು ಬಂಡೆಯ ಮೇಲೆ ನಿಂತರು, ಅಜ್ಜ ಹತ್ತು ಮಾರು ಹಿಂದೆ. ಮೊದಲ ಹೆಸರು ಹೋಯಿತು. ಓ ಎನ್ನಬೇಕಿದ್ದ ಅಜ್ಜ ಊರಿನ ಕಡೆ ತಿರುಗಿ ನೋಡಿದರು. ಮನೆಯಲ್ಲಿ ಚೊಚ್ಚಲ ಬಸುರಿ ಸೊಸೆ ಇದ್ದಾಳೆ, ಏನಾದರೂ ಹೆಚ್ಚುಕಡಿಮೆಯಾದರೆ ಎಂಬ ಅಳುಕು. ಐದು, ಹತ್ತು, ಇಪ್ಪತ್ತು ಹೆಸರುಗಳು ಹೋದವು. ಪ್ರತಿ ಹೆಸರಿನ ಬಳಿಕ ಸಾಹೇಬರು ಕಾಯುತ್ತಿದ್ದರು. ಅಷ್ಟರಲ್ಲಿ ಹುಲಿಗೆವ್ವ ಕುಡಿಯುವ ನೀರು ಹೊತ್ತುಕೊಂಡು ಮೇಲೆ ಬಂದಳು.

“ಯಾರನ್ನ ಕರೀತಾರ್ರೀ ಮಾಸ್ತರ್ರೇ?” ಎಂದು ಕೇಳಿದಳು.

“ಸತ್ತವರನ್ನವ್ವ. ಯಾರರ ಒಬ್ರು ಓ ಅಂದ್ರೆ ಸಾಕು. ಇಲ್ಲಾಂದ್ರೆ ಇವತ್ತಿಗೆ ಎಲ್ಲಾ ಮುಗೀತು.”

“ಮತ್ತೆ ನೀವ್ಯಾಕ ಸುಮ್ನ ನಿಂತೀರಿ?”

ಹುಲಿಗೆವ್ವ ಕೊಡ ಇಳಿಸಿದಳು. “ನಾ ಒಮ್ಮೆ ಬಾಯಿ ಮುಚ್ಚಿಕೊಂಡೀನ್ರಿ. ಒಮ್ಮೆ ಸಾಕು,” ಎಂದಳು. ಸಾಹೇಬರು ಇಪ್ಪತ್ತೆರಡನೆಯ ಹೆಸರನ್ನು, ಸ್ಟೆಫಾನ್ ಎಂಬವನದನ್ನು, ಕರೆದರು. ಹುಲಿಗೆವ್ವ ಸೆರಗು ಬಿಗಿದು, ಹೊಲದ ಆಚೆ ಬದುವಿಗೆ ಕೇಳುವಷ್ಟು ಗಟ್ಟಿಯಾಗಿ “ಓ” ಎಂದಳು.

ಸಾಹೇಬರು ತಿರುಗಿ ನೋಡಲೇ ಇಲ್ಲವಂತೆ. ಈಗ ಅವರ ಹೆಸರು ನೀನು ಕರೆಯಬೇಕು ಎಂದು ಅಜ್ಜ ಪಿಸುಗುಟ್ಟಿದರು. ಹುಟ್ಟಿದಾಗಿನಿಂದ ಹಿರಿಯ ಗಂಡಸೊಬ್ಬನನ್ನು ಹೆಸರು ಹಿಡಿದು ಕರೆದವಳಲ್ಲ ಅವಳು. “ಯಾನೂಸಾಬಾ” ಎಂದು ಕರೆದಳು. ಉತ್ತರ ಬರಲಿಲ್ಲ. ಹತ್ತು ವರ್ಷಗಳಿಂದ ಆ ಮನುಷ್ಯನನ್ನು ಈ ಬಗೆಯಲ್ಲಿ ಯಾರೂ ಕರೆದಿರಲಿಲ್ಲ. ಮತ್ತೆ ಕರೆದಳು. ಆಗಲೂ ಇಲ್ಲ. ಸಾಹೇಬರ ಕಟ್ಟಳೆ ಅವಳಿಗೇನು ಗೊತ್ತು, ನಮ್ಮ ಊರಿನ ರೂಢಿಯಂತೆ ಮೂರನೆಯ ಸಲವೂ ಕರೆದಳು. ಆಗ ಯಾನೂಸಾಹೇಬರು ನಮ್ಮ ಕನ್ನಡದಲ್ಲೇ “ಓ” ಎಂದು, ಬಂಡೆಯ ಮೇಲೆ ಕುಸಿದು ಕುಳಿತು ಅತ್ತುಬಿಟ್ಟರು. ಗಂಡನ ಹೆಣದ ಮುಂದೆ ಅಳದಿದ್ದ ಹುಲಿಗೆವ್ವನೂ ಅಂದು ಅತ್ತಳು ಎನ್ನುತ್ತಾರೆ. ಪಟ್ಟಿಯನ್ನು ಅವರು ಅವಳ ಹೆಗಲಿಗೆ ಹಾಕಿ, ಹೆಂಗಸರನ್ನು ಎಂದೂ ಸೇರಿಸಿಕೊಳ್ಳದ ಆ ಕೂಟಕ್ಕೆ, ಅಳತೆಯ ಪುಸ್ತಕದ ಇಪ್ಪತ್ತೆರಡು ಹೆಸರುಗಳ ಕೆಳಗೆ, ಅವಳ ಹೆಸರು ಬರೆದರು. ಅಜ್ಜನ ಹೆಸರನ್ನು ಬರೆಯಲಿಲ್ಲ, ಅಜ್ಜ ಕೇಳಲೂ ಇಲ್ಲ.

ಸಾಹೇಬರು ಇನ್ನೂ ಒಂಬತ್ತು ವರ್ಷ ಇದ್ದರು. ಪತ್ರಕ್ಕೆ ಉತ್ತರ ಕೊನೆಗೂ ಬರಲಿಲ್ಲ. ಅವರು ತೀರಿಕೊಂಡ ಮರುವರ್ಷ ಹುಲಿಗೆವ್ವ ಒಬ್ಬಳೇ ಗುಡ್ಡ ಹತ್ತಿ, ಅವರ ಕಟ್ಟಳೆಯಂತೆ ಒಂದೇ ಒಂದು ಸಲ ಅವರ ಹೆಸರು ಕರೆದಳು. ಕೆಳಗೆ ಅಂಗಳದಲ್ಲಿ ನಿಂತಿದ್ದ ನಮ್ಮ ಅಜ್ಜ ಮೊದಲು ಓ ಎಂದರಂತೆ. ಅವರ ಹಿಂದೆ ಪಕ್ಕದ ಮನೆ, ಆಮೇಲೆ ಇಡೀ ಕೇರಿ. ಅಂದಿನಿಂದ ಗುಡ್ಡಕ್ಕೆ ಈ ಹೆಸರು.

ಈಗ ಬಂದವರು ಬಂಡೆ ನೋಡಿ, ಫೋಟೊ ತೆಗೆದುಕೊಂಡು, ಒಂದೆರಡು ಸಲ ಕೂಗಿ, ಏನೂ ಕೇಳಲಿಲ್ಲವೆಂದು ಬೈದುಕೊಂಡು ಇಳಿಯುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೆ: ಗುಡ್ಡದ ಮೇಲೆ ಕೂಗಬೇಡಿ, ಊರೊಳಗೆ ಬನ್ನಿ, ಬೀದಿಯಲ್ಲಿ ನಿಂತು ಯಾವುದಾದರೂ ಒಂದು ಹೆಸರನ್ನು ಒಂದು ಸಲ ಕರೆಯಿರಿ. ಆ ಹೆಸರಿನವರು ಇಲ್ಲಿ ಇರಲಿ, ಇಲ್ಲದಿರಲಿ, ಯಾವುದೋ ಒಂದು ಮನೆಯೊಳಗಿಂದ ಓ ಎನ್ನುತ್ತಾರೆ. ಕರೆದದ್ದು ಯಾರು ಎಂದು ಆಮೇಲೆ ಹೊರಗೆ ಬಂದು ನೋಡುತ್ತಾರೆ.