ಮೈದಾನದ ನಳ

೧೨ ನವೆಂಬರ್ ೨೦೧೭, ಭಾನುವಾರ. ನನ್ನ ದಿನಚರಿಯ ಆ ಪುಟ ಒಂದು ಪ್ರಶ್ನೆಯಿಂದ ಆರಂಭವಾಗುತ್ತದೆ: "ಅಜ್ಜಾರೆ, ಯಾರೂ ತಪ್ಪು ಮಾಡದೆ ತಪ್ಪು ಆಗುವುದುಂಟೇ?"

ಕೇಳಿದವಳು ನನ್ನ ಹಿರಿಯ ಸೊಸೆ ನೀಲಾಂಬಿಕಾ. ಕೇಳಿಸಿಕೊಂಡವರು ನಮ್ಮ ಮಠದ ನಿರ್ವಾಣಯ್ಯ ಸ್ವಾಮಿಗಳು. ದೀಕ್ಷೆ ಪಡೆಯುವ ಮೊದಲು ಅವರು ಹದಿನೆಂಟು ವರ್ಷ ಸರಪಳಿ ಹಿಡಿದು ಹೊಲ ಅಳೆದವರು. ಮಠಕ್ಕೆ ಬರುವವರೆಲ್ಲ ಅವರನ್ನು ಅಜ್ಜಾರು ಎನ್ನುತ್ತಾರೆ. ನಾನು ಭೂಗೋಳ ಓದಿ ಬಿ.ಎ. ಮಾಡಿದವಳು, ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲ ಹೆಂಗಸು. ಕೇಳಿದ್ದನ್ನು ಅಂದೇ ಬರೆದಿಡುವುದು ಕಾಲೇಜಿನಿಂದ ಬಂದ ಅಭ್ಯಾಸ. ಆದ್ದರಿಂದ ಕೆಳಗಿನದು ನೆನಪಿನಿಂದ ಹೇಳಿದ್ದಲ್ಲ, ಬರೆದದ್ದನ್ನು ನೋಡಿ ಹೇಳುತ್ತಿರುವುದು.

ನೀಲಾಂಬಿಕಾಳ ಕೆಲಸ ನಕ್ಷೆಯದು. ಊರೂರು ತಿರುಗುವ ಸಮೀಕ್ಷೆಗಾರರು ಮೊಬೈಲಿನಲ್ಲಿ ತುಂಬುವ ನಮೂನೆಗಳನ್ನು ಅವಳು ಸಿದ್ಧಪಡಿಸುತ್ತಾಳೆ. ತುಂಬಿದ್ದೆಲ್ಲ ತಾನಾಗಿ ನಕ್ಷೆಗೆ ಸೇರುವಂತೆ, ಆ ನಕ್ಷೆ ದಿನವೂ ಬೆಳಿಗ್ಗೆ ತಾನಾಗಿ ವೆಬ್‌ನಲ್ಲಿ ಹೊಸದಾಗಿ ಕಾಣುವಂತೆ ಪ್ರೋಗ್ರಾಂ ಬರೆದವಳೂ ಅವಳೇ. ಆ ತಿಂಗಳು ಒಂದು ಊರಿನವರು ನಕ್ಷೆಯಲ್ಲಿ ನಾವು ಇಲ್ಲ ಎಂದು ದೂರು ತಂದಿದ್ದರು. ಅವಳು ನಮೂನೆ ನೋಡಿದಳು, ಸರಿಯಿತ್ತು. ಪ್ರೋಗ್ರಾಂ ನೋಡಿದಳು, ಸರಿಯಿತ್ತು. ನಕ್ಷೆ ನೋಡಿದಳು, ಅದೂ ಸರಿಯಿತ್ತು. ದೂರು ಮಾತ್ರ ಹಾಗೇ ಇತ್ತು. ವಾರದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅಜ್ಜಾರು ಉಂಟು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಹಳೆಯ ಕೋಟೆಯಿತ್ತು. ಕೋಟೆಯೊಳಗೆ ಒಂದು ಓಣಿ, ಓಣಿಯಲ್ಲಿ ಮೂವತ್ತೊಂದು ಮನೆ. ಎರಡೂ ಕಡೆ ಎತ್ತರದ ಕಲ್ಲುಗೋಡೆ. ತಲೆ ಎತ್ತಿದರೆ ಆಕಾಶ ಒಂದು ಮೊಳ ಕಾಣುತ್ತಿತ್ತು. ನೀರು ಬೇಕಾದರೆ ಎಂಬತ್ತನಾಲ್ಕು ಮೆಟ್ಟಿಲು ಇಳಿದು ಕೋಟೆಬಾಗಿಲಿನ ಹೊರಗಿರುವ ಬಾವಿಗೆ ಹೋಗಬೇಕು.

ಓಣಿಯ ಮೊದಲ ಮನೆಯಲ್ಲಿ ಒಬ್ಬ ಹೆಂಗಸು ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡಿದ್ದಳು. ಅತ್ತೆಯ ಮೈ ತೊಳೆಸಬೇಕು, ಬಟ್ಟೆ ಒಗೆಯಬೇಕು. ದಿನಕ್ಕೆ ಎಂಟು ಕೊಡ ನೀರು ಹೊರುತ್ತಿದ್ದಳು. ಬಲ ಮೊಣಕಾಲು ಆಗಲೇ ನೋಯತೊಡಗಿತ್ತು. ಮನೆಮನೆಗೆ ನಳ ಹಾಕುತ್ತಾರಂತೆ ಎಂಬ ಸುದ್ದಿ ಬಂದಾಗ ಓಣಿಯವರೆಲ್ಲ ಕಾದರು. ಎಲ್ಲರಿಗಿಂತ ಹೆಚ್ಚು ಕಾದವಳು ಅವಳು.

ನಳ ಬರುವ ಮೊದಲು ಮನೆ ನಕ್ಷೆಗೆ ಬರಬೇಕು. ಅದಕ್ಕೆ ಒಬ್ಬ ಅಧಿಕಾರಿ ನಮೂನೆ ಮಾಡಿದ. ಅವನು ಸೋಮಾರಿಯಲ್ಲ. ಮೊಬೈಲು ಆಕಾಶದ ಉಪಗ್ರಹಗಳ ನೆರವಿನಿಂದ ತಾನಿರುವ ಜಾಗ ತಿಳಿಯುತ್ತದೆ, ಅವು ಸರಿಯಾಗಿ ಸಿಗದಿದ್ದರೆ ಅಂದಾಜು ಹೇಳುತ್ತದೆ. ಹಿಂದಿನ ವರ್ಷ ಅಂಥ ಅಂದಾಜಿನಿಂದ ಬೇರೊಂದು ಊರಿನ ಹನ್ನೆರಡು ಮನೆಗಳು ನಕ್ಷೆಯಲ್ಲಿ ಕೆರೆಯೊಳಗೆ ಬಿದ್ದಿದ್ದವು. ಆದ್ದರಿಂದ ಅಧಿಕಾರಿ ಒಂದು ನಿಯಮ ಹಾಕಿದ. ಅಂದಾಜಿನ ತಪ್ಪು ಐದು ಮೀಟರಿನೊಳಗೆ ಇದ್ದರೆ ಮಾತ್ರ ಕಳುಹಿಸುವ ಗುಂಡಿ ಹಸಿರಾಗುತ್ತದೆ. ಇಲ್ಲದಿದ್ದರೆ ಬೂದು ಬಣ್ಣದಲ್ಲೇ ಉಳಿಯುತ್ತದೆ, ಎಷ್ಟು ಒತ್ತಿದರೂ ಹೋಗುವುದಿಲ್ಲ.

ಹಳೆಯ ಕಾಗದದ ನಮೂನೆಯಲ್ಲಿ ಕೊನೆಗೆ ಷರಾ ಎಂಬ ಕಾಲಂ ಇರುತ್ತಿತ್ತು. ಹೇಳಲು ಉಳಿದದ್ದನ್ನು ಜನ ಅಲ್ಲಿ ಬರೆಯುತ್ತಿದ್ದರು. ಮನಬಂದಂತೆ ಬರೆದದ್ದನ್ನು ಓದಲು ಪ್ರೋಗ್ರಾಮಿಗೆ ಬರುತ್ತಿರಲಿಲ್ಲ. ಅಧಿಕಾರಿ ಆ ಕಾಲಂ ತೆಗೆದುಹಾಕಿದ.

ಈ ಮಾತಿಗೆ ನೀಲಾಂಬಿಕಾ ತಲೆ ಎತ್ತಿದಳು. ಅವಳೂ ತೆಗೆದಿದ್ದಳು.

ಇನ್ನೊಂದು ನಿಯಮವೂ ಇತ್ತು, ಎಂದರು ಅಜ್ಜಾರು. ಸಮೀಕ್ಷೆಗಾರರು ಎಷ್ಟೋ ಸಲ ಒಂದೇ ಮನೆಯನ್ನು ಎರಡು ಸಲ ಕಳುಹಿಸುತ್ತಾರೆ. ಹೆಸರು ನೋಡಿ ಹಿಡಿಯೋಣವೆಂದರೆ ಒಬ್ಬರ ಹೆಸರನ್ನೇ ನಾಲ್ಕು ಬಗೆಯಲ್ಲಿ ಬರೆದಿರುತ್ತಾರೆ. ಆದ್ದರಿಂದ ಅಧಿಕಾರಿ ಜಾಗವನ್ನು ನಂಬಿದ. ನಕ್ಷೆಯಲ್ಲಿ ಐದು ಮೀಟರಿನೊಳಗೆ ಎರಡು ಮನೆಯ ಚುಕ್ಕೆ ಬಂದರೆ ಅದು ಒಂದೇ ಮನೆ. ಮೊದಲು ಬಂದದ್ದನ್ನು ಉಳಿಸಿ ಉಳಿದದ್ದನ್ನು ತೆಗೆ ಎಂದು ಪ್ರೋಗ್ರಾಮಿಗೆ ಹೇಳಿದ.

"ಅದಿಲ್ಲದೆ ನಡೆಯುವುದಿಲ್ಲ ಅಜ್ಜಾರೆ," ಎಂದಳು ನೀಲಾಂಬಿಕಾ.

"ನಡೆಯುವುದಿಲ್ಲ ಎಂದೇ ಅವನೂ ಹಾಕಿದ," ಎಂದು ಅಜ್ಜಾರು ಮುಂದುವರಿಸಿದರು.

ಒಬ್ಬ ಸಮೀಕ್ಷೆಗಾರ ಕೋಟೆಗೆ ಬಂದ. ಅವನು ಪ್ರಾಮಾಣಿಕ. ಮೊದಲ ಮನೆಯ ಬಾಗಿಲಲ್ಲಿ ನಿಂತು ನಮೂನೆ ತುಂಬಿದ. ಮನೆಯಲ್ಲಿ ಎಷ್ಟು ಜನ, ನೀರು ಎಲ್ಲಿಂದ ತರುತ್ತಾರೆ, ಎಲ್ಲ ಕೇಳಿ ಬರೆದ. ಆ ಹೆಂಗಸು ಒಂದು ಗ್ಲಾಸು ಮಜ್ಜಿಗೆ ಕೊಟ್ಟಳು. ಕುಡಿದು ಗುಂಡಿ ನೋಡಿದ. ಬೂದು. ಗೋಡೆಗಳ ನಡುವೆ ಉಪಗ್ರಹಗಳು ಸಿಗುತ್ತಿರಲಿಲ್ಲ. ಮೊಬೈಲು ಹಿಡಿದು ಓಣಿಯ ಬಾಯಿಗೆ ಬಂದ. ಬೂದು. ಮೆಟ್ಟಿಲು ಇಳಿದು ಕೋಟೆಬಾಗಿಲು ದಾಟಿದ, ಬಾವಿ ದಾಟಿದ, ಶಾಲೆಯ ಮೈದಾನಕ್ಕೆ ಬಂದ. ಅಲ್ಲಿ ಆಕಾಶ ಪೂರ್ತಿ ತೆರೆದಿತ್ತು. ಧ್ವಜಕಂಬದ ಹತ್ತಿರ ಗುಂಡಿ ಹಸಿರಾಯಿತು. ಒತ್ತಿದ.

ಮತ್ತೆ ಮೇಲೆ ಹತ್ತಿ ಎರಡನೆಯ ಮನೆಗೆ ಹೋದ. ತುಂಬಿದ, ಇಳಿದ, ಅದೇ ಜಾಗದಲ್ಲಿ ನಿಂತು ಒತ್ತಿದ. ಹೀಗೆ ಮೂರು ದಿನ ಮೂವತ್ತೊಂದು ಸಲ ಹತ್ತಿ ಇಳಿದ. ಮನೆಯಲ್ಲೇ ಕುಳಿತು ಹೆಸರು ಬರೆದು ಕಳುಹಿಸುವವರೂ ಇರುತ್ತಾರೆ. ಅವನು ಒಂದು ಬಾಗಿಲನ್ನೂ ತಪ್ಪಿಸಲಿಲ್ಲ, ಒಂದು ಅಕ್ಷರವನ್ನೂ ಸುಳ್ಳು ಬರೆಯಲಿಲ್ಲ.

ಮರುದಿನ ಬೆಳಿಗ್ಗೆ ನಕ್ಷೆ ತಾನಾಗಿ ಹೊಸದಾಯಿತು. ಅದರಲ್ಲಿ ಕೋಟೆಯೊಳಗೆ ಒಂದು ಮನೆಯೂ ಇರಲಿಲ್ಲ. ಮೈದಾನದ ನಡುವೆ ಒಂದು ಮನೆಯಿತ್ತು. ಮೊದಲು ಬಂದದ್ದು ಆ ಹೆಂಗಸಿನ ಮನೆಯಾದ್ದರಿಂದ ಉಳಿದದ್ದೂ ಅದೇ.

ಗುತ್ತಿಗೆದಾರ ಪೈಪು ತಂದ. ನಕ್ಷೆ ನೋಡಿದ, ಮೈದಾನ ನೋಡಿದ, ಅಲ್ಲಿ ಮನೆಯಿಲ್ಲವಲ್ಲ ಎಂದು ಫೋನು ಮಾಡಿ ಕೇಳಿದ. ನಕ್ಷೆಯಲ್ಲಿ ಇದ್ದಂತೆ ಮಾಡು ಎಂಬ ಉತ್ತರ ಬಂತು. ಚುಕ್ಕೆಯಿದ್ದ ಜಾಗದಲ್ಲೇ ಹಾಕಿದ ನಳದ ಫೋಟೋ ತೆಗೆಯದಿದ್ದರೆ ಅವನ ನಮೂನೆಯಲ್ಲೂ ಗುಂಡಿ ಹಸಿರಾಗುತ್ತಿರಲಿಲ್ಲ. ಅವನು ಧ್ವಜಕಂಬದ ಪಕ್ಕದಲ್ಲಿ ಒಂದು ನಳ ನಿಲ್ಲಿಸಿ, ಅದಕ್ಕೆ ಆ ಹೆಂಗಸಿನ ಹೆಸರಿನ ತಗಡು ಕಟ್ಟಿ ಹೋದ. ನಳ ಬಾವಿಗಿಂತ ನೂರು ಹೆಜ್ಜೆ ದೂರವಿತ್ತು.

ಓಣಿಯ ಮೂವತ್ತು ಮನೆಯವರು ಕಚೇರಿಗೆ ಹೋಗಿ ಕೇಳಿದರು. ನಿಮ್ಮ ಮನೆಗಳು ಒಂದೇ ಮನೆಯ ನಕಲುಗಳೆಂದು ತೆಗೆದುಹಾಕಲಾಗಿದೆ ಎಂದು ಅವರಿಗೆ ಹೇಳಿದರು. ಯಾವ ಮನೆಯ ನಕಲು ಎಂದು ಕೇಳಿದಾಗ ಆ ಹೆಂಗಸಿನ ಹೆಸರು ಹೇಳಿದರು. ಅವರು ಆ ಹೆಸರನ್ನು ಹೊತ್ತುಕೊಂಡು ಓಣಿಗೆ ಬಂದರು.

ಎದುರು ಮನೆಯಾಕೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದಳು: "ಒಂದು ಗ್ಲಾಸ್ ಮಜ್ಜಿಗಿಗೆ ಒಂದು ನಳ. ಮೊದಲ ಗೊತ್ತಿದ್ದರ ನಾನೂ ಮಜ್ಜಿಗಿ ಕಡೀತಿದ್ದೆ."

ಹೆಂಗಸು ಕೊಡ ಎತ್ತಿಕೊಂಡು ಬಾವಿಗೆ ಹೋದಳು. ತನ್ನ ಹೆಸರಿನ ನಳದಿಂದ ನೀರು ತಂದರೆ ಮಾತು ನಿಜವಾಗುತ್ತದೆ ಎಂದು ಅದನ್ನು ಮುಟ್ಟಲಿಲ್ಲ. ಶಾಲೆಯ ಮಕ್ಕಳು ಅದರಲ್ಲಿ ಕಾಲು ತೊಳೆದುಕೊಂಡರು.

ಅವಳು ಕಚೇರಿಗೆ ಹೋದಳು. ದೂರನ್ನು ಮೊಬೈಲಿನಲ್ಲೇ ಕೊಡಬೇಕು ಎಂದರು. ಸಮೀಕ್ಷೆಗಾರನನ್ನು ಕರೆಸಿ ತನ್ನ ಬಾಗಿಲಲ್ಲೇ ನಿಲ್ಲಿಸಿಕೊಂಡು ದೂರು ಬರೆಸಿದಳು. ದೂರಿನ ನಮೂನೆಯೂ ಅದೇ ಅಚ್ಚಿನದು. ಗುಂಡಿ ಬೂದು. ಅವನು ಮೈದಾನಕ್ಕೆ ಇಳಿದು ಒತ್ತಿದ. ಮರುದಿನ ಬೆಳಿಗ್ಗೆ ಉತ್ತರ ತಾನಾಗಿ ಬಂತು: ದೂರು ಕೊಟ್ಟ ಸ್ಥಳದಿಂದ ಎರಡು ಮೀಟರ್ ಅಂತರದಲ್ಲಿ ನಳವಿದೆ, ದೂರು ಮುಕ್ತಾಯಗೊಂಡಿದೆ. ಅವಳು ಐದು ಸಲ ದೂರು ಕೊಟ್ಟಳು. ಐದು ಸಲವೂ ಮುಕ್ತಾಯಗೊಂಡಿತು. ಅಧಿಕಾರಿಯ ಕಡತದಲ್ಲಿ ಕೋಟೆ ಓಣಿಯ ಎಲ್ಲ ದೂರುಗಳೂ ಪರಿಹಾರವಾದ ಸಾಲಿನಲ್ಲಿದ್ದವು.

ಆರನೆಯ ಸಲ ಅವಳು ದೂರು ಕೊಡಲಿಲ್ಲ. ಅಧಿಕಾರಿಯ ಮುಂದೆ ನಿಂತು, ಒಂದು ಸಲ ನಮ್ಮ ಮನೆಗೆ ಬಂದು ಚಹಾ ಕುಡಿದು ಹೋಗಬೇಕು ಎಂದು ಕರೆದಳು. ಅಧಿಕಾರಿಗೆ ಏನೂ ಅರ್ಥವಾಗಲಿಲ್ಲ. ನಕ್ಷೆಯಲ್ಲಿ ಮನೆಯಿದೆ, ನಳವಿದೆ, ದೂರಿಲ್ಲ. ಆದರೂ ಈ ಹೆಂಗಸು ಕುಂಟುತ್ತಾ ಬರುತ್ತಾಳೆ. ಅವನು ಹೊರಟ.

ಮೆಟ್ಟಿಲು ಹತ್ತಿ ಅವಳ ಬಾಗಿಲಲ್ಲಿ ನಿಂತು ಮೊಬೈಲು ತೆಗೆದ. ಅವನು ಇರುವ ಜಾಗವನ್ನು ಮೊಬೈಲು ಮೊದಲು ಕಂದಕದಲ್ಲಿ ತೋರಿಸಿತು, ಆಮೇಲೆ ಬುರುಜಿನ ಮೇಲೆ ತೋರಿಸಿತು. ಅವನು ಕೈ ಎತ್ತಿ ಹಿಡಿದ, ತಿರುಗಿ ನಿಂತ. ಹೆಂಗಸು ಇಣುಕಿ ನೋಡಿದಳು.

"ಸಾಹೇಬ್ರ, ನೀವು ಇನ್ನೂ ಬಂದೇ ಇಲ್ಲಂತಲ್ರಿ," ಎಂದಳು. "ಬರ್ರಿ. ಬಂದ ಮ್ಯಾಲೆ ಚಾ ಇಡ್ತೀನಿ."

ಅವನು ನಗಲಿಲ್ಲ. ಇವಳ ಮನೆಯನ್ನು ಈಗಲೇ ಸರಿಯಾದ ಜಾಗಕ್ಕೆ ತರುತ್ತೇನೆ ಎಂದು ನಮೂನೆ ತೆರೆದು ತುಂಬಿದ. ಗುಂಡಿ ಬೂದು. ಅದು ಹಸಿರಾಗಲಿ ಎಂದು ಪರದೆಯ ಮೇಲೆ ಕಣ್ಣಿಟ್ಟು ಒಂದು ಹೆಜ್ಜೆ ಸರಿದ. ಇನ್ನೊಂದು ಹೆಜ್ಜೆ ಸರಿದ, ಹಾಗೇ ಸರಿಯುತ್ತಾ ಹೋದ. ತಪ್ಪಿನ ಅಂಕಿ ಮೂವತ್ತೆಂಟು ಮೀಟರಿನಿಂದ ಇಪ್ಪತ್ತಾಯಿತು, ಹನ್ನೆರಡಾಯಿತು, ಎಂಟಾಯಿತು. ಗುಂಡಿ ಹಸಿರಾದಾಗ ಒತ್ತಿ ತಲೆ ಎತ್ತಿದ. ಅವನು ಧ್ವಜಕಂಬದ ಪಕ್ಕದಲ್ಲಿ, ಅವಳ ಹೆಸರಿನ ನಳದ ಮುಂದೆ ನಿಂತಿದ್ದ.

ಅವನು ಕಚೇರಿಗೆ ಮರಳಿದ. ಯಾವ ನಿಯಮ ತೆಗೆಯಬೇಕೆಂದು ತಿಳಿಯಲಿಲ್ಲ. ಐದು ಮೀಟರಿನ ನಿಯಮ ತೆಗೆದರೆ ಇನ್ನೊಂದು ಊರು ಕೆರೆಗೆ ಬೀಳುತ್ತದೆ. ನಕಲಿನ ನಿಯಮ ತೆಗೆದರೆ ಜಿಲ್ಲೆಯಲ್ಲಿ ಇಲ್ಲದ ಮನೆಗಳು ಹುಟ್ಟುತ್ತವೆ. ಬಹಳ ದಿನ ಹಾಗೇ ಕುಳಿತ. ಕೊನೆಗೆ, ಕೈಯಿಂದ ಚುಕ್ಕೆ ಹಾಕದಂತೆ ನಮೂನೆಗೆ ಇದ್ದ ಬೀಗವನ್ನು ಆ ಓಣಿಗಾಗಿ ಮಾತ್ರ ತೆಗೆದ. ಮೇಲಿನಿಂದ ತೆಗೆದ ಚಿತ್ರದಲ್ಲಿ ಒಂದೊಂದೇ ಮಾಳಿಗೆಯನ್ನು ಗುರುತಿಸಿ, ಅದರ ಮೇಲೆ ಬೆರಳಿಟ್ಟು ಚುಕ್ಕೆ ಹಾಕಿದ. ಅಂದಾಜಿನ ತಪ್ಪು ಎಷ್ಟು ಮೀಟರ್ ಎಂಬ ಕಾಲಂ ಖಾಲಿ ಬಿಟ್ಟರೆ ಪ್ರೋಗ್ರಾಂ ಸ್ವೀಕರಿಸುತ್ತಿರಲಿಲ್ಲ. ಯಾರೂ ಅಳೆಯದ ಆ ಅಂಕಿಯನ್ನು ತಾನೇ ಬರೆದ. ಮೂವತ್ತೊಂದು ಸಲ ಮೂರು ಎಂದು ಬರೆದ. ಮರುದಿನ ಬೆಳಿಗ್ಗೆ ಮೂವತ್ತೊಂದು ಮನೆಗಳೂ ಕೋಟೆಯೊಳಗೆ ತಮ್ಮ ತಮ್ಮ ಜಾಗದಲ್ಲಿದ್ದವು.

ಅಜ್ಜಾರು ಕತೆ ನಿಲ್ಲಿಸಿದರು.

ನೀಲಾಂಬಿಕಾ ಸ್ವಲ್ಪ ಹೊತ್ತು ಬೆರಳು ಮಡಿಸುತ್ತಾ ಏನನ್ನೋ ಲೆಕ್ಕ ಹಾಕಿದಳು. ಮತ್ತೆ ಮೊದಲಿನಿಂದ ಹಾಕಿದಳು. ಮುಖದಲ್ಲಿ ಗೊಂದಲ ಮೊದಲಿಗಿಂತ ಹೆಚ್ಚಾಗಿತ್ತು. ನಿಜ ಬರೆದಾಗ ನಕ್ಷೆ ಸುಳ್ಳಾಯಿತು, ಸುಳ್ಳು ಬರೆದಾಗ ನಿಜವಾಯಿತು, ಇದರಿಂದ ನಾನು ಏನು ತಿಳಿಯಬೇಕು ಎಂದು ಕೇಳಿದಳು. ತನ್ನ ನಮೂನೆಯಲ್ಲೂ ಐದು ಮೀಟರಿದೆ, ನಕಲಿನ ನಿಯಮವಿದೆ, ಷರಾ ಇಲ್ಲ. ನಾಳೆ ಕಚೇರಿಗೆ ಹೋಗಿ ಅವುಗಳಲ್ಲಿ ಯಾವುದನ್ನು ಸರಿಪಡಿಸಲಿ, ಅದೊಂದನ್ನು ಹೇಳಿಬಿಡಿ ಎಂದಳು.

ಅಜ್ಜಾರು ಅವಳನ್ನೇ ನೋಡಿದರು.

"ಅದನ್ನು ತುಂಬುವವರು ಎಲ್ಲಿ ನಿಂತು ತುಂಬುತ್ತಾರೆ, ತಂಗಿ?"

ನೀಲಾಂಬಿಕಾ ಮೊಬೈಲು ತೆಗೆದು, ದೂರು ತಂದ ಊರಿಗೆ ಹೋಗಿದ್ದ ಸಮೀಕ್ಷೆಗಾರನ ನಂಬರು ಹುಡುಕತೊಡಗಿದಳು.

ಕತೆಯೇ ಆದರೂ ಕೊನೆಯ ವಿವರ ಬರೆಯದೆ ಪುಟ ಮುಚ್ಚುವವಳು ನಾನಲ್ಲ. ಏಳುವ ಮುನ್ನ ನಮಸ್ಕಾರ ಮಾಡುವಾಗ, ಆಮೇಲೆ ಏನಾಯಿತು ಎಂದು ಅಜ್ಜಾರನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು. ಓಣಿಗೆ ನೀರು ಬಂದದ್ದು ಹದಿನಾಲ್ಕು ತಿಂಗಳು ತಡವಾಗಿ. ಅಷ್ಟು ದಿನವೂ ಆ ಹೆಂಗಸು ದಿನಕ್ಕೆ ಎಂಟು ಕೊಡದಂತೆ ಹೊತ್ತಳು. ಹತ್ತಿರ ಹತ್ತಿರ ಮೂರು ಸಾವಿರದ ನಾಲ್ಕು ನೂರು ಕೊಡ. ಬಲ ಮೊಣಕಾಲು ಈಗ ಮಡಿಸಲು ಬರುವುದಿಲ್ಲ. ಎದುರು ಮನೆಯಾಕೆಗೆ ನಡೆದದ್ದೆಲ್ಲ ತಿಳಿಯಿತು, ಅವಳ ಮನೆಗೂ ನಳ ಬಂತು. ಆದರೂ ಅವಳು ಆ ಹೆಂಗಸಿನ ಮನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ.