ಒಂದು ಗೇಣು ಹೆಚ್ಚಿನ ಚರಂಡಿ

“ಪಕ್ಕದವನಿಗೆ ಸಿಕ್ಕಿದ್ದು ನನಗೂ ಸಿಗಲಿ ಎಂದು ಕೇಳುವುದರಲ್ಲಿ ತಪ್ಪೇನಿದೆ, ಗುರುಗಳೇ?” ಎಂದು ಚೆನ್ನವೀರ ಕೇಳಿದ.

ಮಠದಲ್ಲಿ ಬೆಳಗಿನ ಪಾಠ ಮುಗಿದಿತ್ತು. ಹಿಂದಿನ ದಿನ ಗುರುಗಳು ಇನ್ನೊಬ್ಬ ಶಿಷ್ಯ ಶಾಂತಯ್ಯನಿಗೆ ಒಂದು ಹಳೆಯ ಓಲೆಗರಿಯ ಕಟ್ಟನ್ನು ಓದಲು ಕೊಟ್ಟಿದ್ದರು. ಆಗಿನಿಂದ ಚೆನ್ನವೀರನ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ತಾನೇನೂ ಹೆಚ್ಚು ಕೇಳುತ್ತಿಲ್ಲ, ಅವನಿಗೆ ಕೊಟ್ಟಷ್ಟನ್ನೇ ಕೇಳುತ್ತಿದ್ದೇನೆ, ಸಮಪಾಲು ಎಂಬುದು ನ್ಯಾಯವೇ ತಾನೇ ಎಂದೂ ಅವನು ಸೇರಿಸಿದ.

ಗುರುಗಳು ಅವನನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ತಕ್ಕಡಿ ವ್ಯಾಪಾರಿ ಇದ್ದ. ತಕ್ಕಡಿ, ತೂಕದ ಕಲ್ಲು, ಪಾವು, ಸೇರು, ಅಳತೆಗೋಲು, ಹೀಗೆ ಅಳೆಯುವ ಸಾಮಾನೆಲ್ಲ ಅವನ ಅಂಗಡಿಯಲ್ಲಿ ಸಿಗುತ್ತಿತ್ತು. ಮನುಷ್ಯ ನಿಯತ್ತಿನವನು. ಸುಳ್ಳು ತೂಕದ ಕಲ್ಲನ್ನು ಒಂದು ದಿನವೂ ಮಾರಿದವನಲ್ಲ. ಅವನ ತಕ್ಕಡಿ ಎಳ್ಳುಕಾಳಿಗೂ ತಲೆಬಾಗುತ್ತದೆ ಎಂದು ಊರಿನವರು ಹೇಳುತ್ತಿದ್ದರು. ಅದಕ್ಕೇ ಪೇಟೆ ಬೀದಿಯವರು ಒಂದು ಸಂಘ ಕಟ್ಟಿದಾಗ ಅವನನ್ನೇ ಅಧ್ಯಕ್ಷನನ್ನಾಗಿ ಮಾಡಿದರು.

ಸಂಘ ಕಟ್ಟಿದ್ದು ನೀರಿಗಾಗಿ. ಬೀದಿಯ ಮುಂದಿನ ಮನೆಗಳಿಗೆ ಪುರಸಭೆಯ ನಲ್ಲಿ ಇತ್ತು. ಕೊನೆಯ ಏಳು ಮನೆಗಳವರೆಗೆ ಪೈಪು ಬಂದೇ ಇರಲಿಲ್ಲ. ಆ ಏಳರಲ್ಲಿ ಕಟ್ಟಕಡೆಯ ಮನೆ ನೂಲಿಗೆ ಬಣ್ಣ ಹಾಕುವ ಹೆಂಗಸಿನದು. ಬಣ್ಣದ ಕೆಲಸ ಎಂದರೆ ನೀರಿನ ಕೆಲಸ. ಅವಳು ಹಿಂದಿನ ಬೀದಿಯ ನಲ್ಲಿಯಿಂದ ಕೊಡ ಕೊಡವಾಗಿ ಹೊತ್ತು ತಂದು, ದಿನದ ಅರ್ಧವನ್ನು ನೀರು ಹೊರುವುದಕ್ಕೂ ಉಳಿದರ್ಧವನ್ನು ನೂಲಿಗೂ ಕೊಡುತ್ತಿದ್ದಳು. ಅವಳ ಗೋಳು ನೋಡಲಾರದೆ ವ್ಯಾಪಾರಿಯೇ ಕೂತು ಅರ್ಜಿ ಬರೆದ. ಮುತ್ತಿನಂಥ ಅಕ್ಷರ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಅದನ್ನು ಪುರಸಭೆಗೆ ಕೊಟ್ಟ. ಪ್ರತಿ ವರ್ಷವೂ ಒಂದು ನೆನಪೋಲೆ ಬರೆದ. ಹೀಗೆ ಒಂಬತ್ತು ವರ್ಷ ಕಳೆಯಿತು. ಅರ್ಜಿ ಮೇಜಿನಿಂದ ಮೇಜಿಗೆ ಹೋಯಿತು, ಪೈಪು ಮಾತ್ರ ಬರಲಿಲ್ಲ.

ಆ ಹಿಂದಿನ ಬೀದಿಯ ಹೆಸರು ಕೊಳದ ಬೀದಿ, ವ್ಯಾಪಾರಿಯ ಅಂಗಡಿಯ ಹಿತ್ತಲ ಗೋಡೆಯ ಆಚೆಗೇ. ಪೇಟೆ ಬೀದಿ ಇಳಿಜಾರು, ಎಂಥ ಮಳೆ ಬಂದರೂ ನೀರು ನಿಲ್ಲುತ್ತಿರಲಿಲ್ಲ. ಕೊಳದ ಬೀದಿ ತಗ್ಗು, ಮಳೆ ಬಂದರೆ ಹೊಸ್ತಿಲು ದಾಟಿ ನೀರು ಒಳಗೆ ಬರುತ್ತಿತ್ತು. ಅಲ್ಲಿಯವರೂ ಒಂದು ಸಂಘ ಮಾಡಿಕೊಂಡಿದ್ದರು. ಅದಕ್ಕೆ ಒಬ್ಬ ಹಪ್ಪಳ ಮಾರುವ ಹೆಂಗಸು ಮುಖ್ಯಸ್ಥೆ. ಅವಳಿಗೆ ಓದು ಬರಹ ಬಾರದು. ಆ ಸಂಘಕ್ಕೆ ಕುರ್ಚಿಯಿಲ್ಲ, ಬೋರ್ಡಿಲ್ಲ. ಅವಳ ಜಗಲಿಯಲ್ಲಿ ಹೆಂಗಸರು ಹಪ್ಪಳ ಒತ್ತುತ್ತ ಕೂತರೆ ಅದೇ ಸಭೆ.

ಅವರು ಅರ್ಜಿ ಬರೆಯಲಿಲ್ಲ. ಮಳೆ ಬಂದಾಗಲೆಲ್ಲ ಪ್ರತಿ ಮನೆಯವರೂ ನೀರು ಎಲ್ಲಿಯವರೆಗೆ ಏರಿತೋ ಅಲ್ಲಿ ತಮ್ಮ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದರು. ಮೂರು ಮಳೆಗಾಲ ಎಳೆದರು. ಆಮೇಲೆ ಹಪ್ಪಳದವಳು ಪುರಸಭೆಯ ಮುಖ್ಯಾಧಿಕಾರಿಯ ಮುಂದೆ ನಿಂತು, “ಸ್ವಾಮಿ, ನಮಗೆ ಕಾಗದದ ಮೇಲೆ ಬರೆಯೋಕೆ ಬರಲ್ಲ. ಗೋಡೆ ಮೇಲೆ ಬರೆದಿಟ್ಟಿದ್ದೀವಿ. ಒಂದು ಸಲ ಬಂದು ಓದಿಕೊಳ್ಳಿ,” ಎಂದಳು.

ಅಧಿಕಾರಿ ನಕ್ಕ, ಆದರೆ ಬಂದ. ಗೋಡೆಯಿಂದ ಗೋಡೆಗೆ ಗೆರೆಗಳನ್ನು ನೋಡುತ್ತ ಹೋದವನು ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ನಗು ಮರೆತಿದ್ದ. ಆ ವರ್ಷವೇ ಕೊಳದ ಬೀದಿಗೆ ಚರಂಡಿ ಬಂತು. ಎರಡೂ ಕಡೆ ಕಡಿದ ಕಲ್ಲು, ಮೇಲೆ ಚಪ್ಪಡಿ.

ತಕ್ಕಡಿ ವ್ಯಾಪಾರಿ ಅದನ್ನು ನೋಡಲು ಹೋದ. ನೋಡಿ ಬಂದ ಮೇಲೆ ಅವನ ಹೊಟ್ಟೆಯೊಳಗೆ ಒಂದು ಕೆಂಡ ಕೂತಿತು. ಒಂದು ಕಾಗದವಿಲ್ಲ, ಒಂದು ರುಜುವಿಲ್ಲ, ಹಿಟ್ಟು ಮೆತ್ತಿದ ಕೈಯಲ್ಲಿ ಹೋಗಿ ನಿಂತವಳಿಗೆ ಕಲ್ಲಿನ ಚರಂಡಿ. ಒಂಬತ್ತು ವರ್ಷ ಮುತ್ತು ಪೋಣಿಸಿದವನಿಗೆ ಬರಿಯ ಕೈ. ಅವಳು ಅಧಿಕಾರಿಯ ಮನೆಗೆ ಹಪ್ಪಳದ ಬುಟ್ಟಿ ಕಳಿಸಿರಬೇಕು ಎಂದು ಅವನು ಇಬ್ಬರು ಮೂವರ ಕಿವಿಯಲ್ಲಿ ಹೇಳಿಯೂ ನೋಡಿದ. ಯಾರೂ ನಂಬಲಿಲ್ಲ. ಮೇಲಾಗಿ ತೂಕದ ಕಲ್ಲು ಕೊಳ್ಳಲು ಬಂದ ಬೆಲ್ಲದ ಮಂಡಿಯವನೊಬ್ಬ, “ಅಧ್ಯಕ್ಷರೇ, ನಿಮ್ಮ ಅರ್ಜಿಗೂ ಒಂದು ಹಪ್ಪಳ ಅಂಟಿಸಿಬಿಡಬೇಕಿತ್ತು,” ಎಂದು ಅವನನ್ನೇ ಆಡಿಕೊಂಡ.

ಅಂದಿನಿಂದ ಅವನಿಗೆ ಮಳೆ ಎಂದರೆ ಆಗದು. ನಾಲ್ಕು ಹನಿ ಬಿದ್ದರೆ ಸಾಕು, ಹಿತ್ತಲ ಗೋಡೆಯ ಆಚೆ ಚರಂಡಿಯಲ್ಲಿ ನೀರು ಹರಿಯುವ ಸದ್ದು ಕೇಳುತ್ತಿತ್ತು. ಅದು ಅವನಿಗೆ ಯಾರೋ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕ ಹಾಗೆ ಕೇಳುತ್ತಿತ್ತು. ಅವನು ಹಿತ್ತಲ ಕಿಟಕಿಗೆ ಹಲಗೆ ಹೊಡೆಸಿದ. ಸದ್ದು ನಿಲ್ಲಲಿಲ್ಲ.

ಮುಂದಿನ ಬೇಸಗೆಯಲ್ಲಿ ಒಂದು ಬೆಳಗ್ಗೆ ಪುರಸಭೆಯ ಲಾರಿ ಬಂದು ಪೇಟೆ ಬೀದಿಯಲ್ಲಿ ಕಬ್ಬಿಣದ ಪೈಪುಗಳನ್ನು ಇಳಿಸಿತು. ಹತ್ತನೆಯ ವರ್ಷದಲ್ಲಿ ಅರ್ಜಿಯ ಸರದಿ ಬಂದಿತ್ತು. ಬಣ್ಣದವಳು ಓಡಿಬಂದಳು. ಹೊಸ ಸೊಸೆ ಮನೆಗೆ ಬಂದ ಹಾಗೆ ಪೈಪುಗಳಿಗೆ ಅರಿಸಿನ ಕುಂಕುಮ ಹಚ್ಚಿದಳು. ನೀಲಿ ಬಣ್ಣ ಹತ್ತಿ ಎಂದೋ ನೀಲಿಯಾಗಿಹೋದ ಅವಳ ಬೆರಳುಗಳು ಅಂದು ಕೆಂಪಾದವು.

ಸಂಜೆಗೆ ಸಂಘದ ಸಭೆ. ಮುಖ್ಯಾಧಿಕಾರಿಯೇ ಬಂದಿದ್ದ. ಈ ವರ್ಷ ಒಂದೊಂದು ಬೀದಿಗೆ ಒಂದೊಂದೇ ಕೆಲಸ, ಪೇಟೆ ಬೀದಿಗೆ ನೀರಿನ ಪೈಪು ಮಂಜೂರಾಗಿದೆ, ಸಂಘದ ಒಪ್ಪಿಗೆ ಬರೆದುಕೊಟ್ಟರೆ ನಾಳೆಯೇ ಅಗೆತ ಶುರು ಎಂದು ಹೇಳಿದ.

ಒಪ್ಪಿಗೆಯ ಕಾಗದ ವ್ಯಾಪಾರಿಯ ಮುಂದಿತ್ತು. ಲೇಖನಿ ಕೈಯಲ್ಲಿತ್ತು. ಆದರೆ ಅವನ ಮನಸ್ಸು ತನ್ನ ಹಳೆಯ ಕಸುಬಿಗೆ ಇಳಿಯಿತು. ಕೊಳದ ಬೀದಿಯಲ್ಲಿ ಪೈಪು ಮೊದಲೇ ಇದೆ. ನಮಗೂ ಪೈಪು ಬಂದರೆ ಎರಡು ತಟ್ಟೆಯಲ್ಲೂ ಪೈಪು. ಚರಂಡಿ ಮಾತ್ರ ಅವರ ತಟ್ಟೆಯಲ್ಲಿ. ಹತ್ತು ವರ್ಷ ಕಾದು ನಾವು ಗಿಟ್ಟಿಸಿದ್ದು ಅವರು ಹತ್ತು ವರ್ಷದ ಹಿಂದೆ ಎಲ್ಲಿದ್ದರೋ ಅಲ್ಲಿಗೆ ಬಂದು ನಿಂತದ್ದು, ಅಷ್ಟೇ. ತಕ್ಕಡಿ ಅವರ ಕಡೆಗೇ ವಾಲಿತ್ತು.

ಅವನು ಲೇಖನಿ ಕೆಳಗಿಟ್ಟ.

“ಪೈಪು ಮುಂದಿನ ವರ್ಷ ನೋಡೋಣ. ಕೊಳದ ಬೀದಿಗೆ ಏನು ಕೊಟ್ಟಿರೋ ನಮಗೂ ಅದನ್ನೇ ಕೊಡಿ,” ಎಂದ.

ಅಧಿಕಾರಿ ತಬ್ಬಿಬ್ಬಾದ. “ಅಲ್ಲ ಯಜಮಾನರೇ, ನಿಮ್ಮ ಬೀದಿಯಲ್ಲಿ ನೀರು ನಿಲ್ಲುವುದೇ ಇಲ್ಲವಲ್ಲ.”

“ಅವರಲ್ಲಿ ನಿಲ್ಲುತ್ತದೆ ಅಂತ ಅವರಿಗೊಂದು ನ್ಯಾಯ, ನಮ್ಮಲ್ಲಿ ನಿಲ್ಲಲ್ಲ ಅಂತ ನಮಗೊಂದು ನ್ಯಾಯವಾ ಸ್ವಾಮಿ?”

ಮುಂದಿನ ಮನೆಗಳವರು ತಲೆದೂಗಿದರು. ಅವರ ಮನೆಯಲ್ಲಿ ನಲ್ಲಿ ಇತ್ತು, ಕೊಳದ ಬೀದಿಯ ಚರಂಡಿ ಅವರ ಕಣ್ಣನ್ನೂ ಚುಚ್ಚಿತ್ತು. ಕೈ ಎತ್ತಿಸಿದಾಗ ಅವರ ಕೈಗಳೇ ಹೆಚ್ಚಾದವು. ಬಣ್ಣದವಳ ನೀಲಿ ಕೈಗಳು ಮಡಿಲಲ್ಲೇ ಇದ್ದವು. ವ್ಯಾಪಾರಿ ಠರಾವು ಬರೆದ. ಚರಂಡಿ ಕೊಳದ ಬೀದಿಯದರಷ್ಟೇ ಅಗಲ, ಅಷ್ಟೇ ಆಳ ಇರತಕ್ಕದ್ದು. ಉದ್ದ ಮಾತ್ರ ಒಂದು ಗೇಣು ಹೆಚ್ಚಿರತಕ್ಕದ್ದು.

ಮರುದಿನ ಲಾರಿ ಬಂದು ಪೈಪುಗಳನ್ನು ತುಂಬಿಕೊಂಡು ಹೋಯಿತು. ಕುಂಕುಮ ಅವುಗಳ ಮೇಲೆ ಹಾಗೇ ಇತ್ತು. ಬಣ್ಣದವಳು ಲಾರಿ ಮರೆಯಾಗುವವರೆಗೆ ನೋಡಿ, ಕೊಡ ಎತ್ತಿಕೊಂಡು ಹಿಂದಿನ ಬೀದಿಗೆ ನಡೆದಳು.

ಚರಂಡಿ ಆಯಿತು. ವ್ಯಾಪಾರಿ ತನ್ನ ಅಂಗಡಿಯ ಅಳತೆಗೋಲು ತಂದು ತಾನೇ ಅಳೆದ. ಒಂದು ಗೇಣು ಹೆಚ್ಚಿತ್ತು. ಎಷ್ಟೋ ತಿಂಗಳ ಮೇಲೆ ಅವನಿಗೆ ಅಂದು ಹಸಿವಾಯಿತು. ಚಪ್ಪಡಿಯ ಮೇಲೆ ತೆಂಗಿನಕಾಯಿ ಒಡೆಸಿ, ಅಕ್ಕಪಕ್ಕದ ಬೀದಿಯವರನ್ನೆಲ್ಲ ಕರೆಸಿದ. ಹಪ್ಪಳದವಳಿಗೆ ಮರೆಯದೆ ಎರಡು ಸಲ ಹೇಳಿಕಳಿಸಿದ.

ಅವಳು ಬಂದಳು. ಮುಚ್ಚಿದ ತಟ್ಟೆಯಲ್ಲಿ ಹಪ್ಪಳ ತಂದಿದ್ದಳು. ಚರಂಡಿಯ ಉದ್ದಕ್ಕೂ ನಡೆದು ನೋಡಿ, ಕಲ್ಲಿನ ಕೆಲಸ ಚೆನ್ನಾಗಿದೆ ಎಂದು ಮನಸಾರೆ ಹೇಳಿದಳು. ವ್ಯಾಪಾರಿ ಕಾದಿದ್ದು ಇನ್ನೊಂದು ಮಾತಿಗೆ. ಅದು ಬರಲಿಲ್ಲ. ಕಡೆಗೆ ಅವನೇ, ಇದು ನಿಮ್ಮದಕ್ಕಿಂತ ಒಂದು ಗೇಣು ಉದ್ದ ಎಂದು ಬಾಯಿ ಬಿಟ್ಟು ಹೇಳಿದ.

“ಹೌದಾ ಅಣ್ಣ? ನಮ್ಮದು ಎಷ್ಟುದ್ದ ಅಂತ ನಾವು ಅಳೆದೇ ಇಲ್ಲ ನೋಡಿ,” ಎಂದಳು ಅವಳು. ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಅವಳ ಕಣ್ಣಿನಲ್ಲಿ ಅವನು ಹೊಟ್ಟೆಕಿಚ್ಚನ್ನು ಹುಡುಕಿದ. ಒಂದು ಎಳ್ಳುಕಾಳಿನಷ್ಟೂ ಸಿಗಲಿಲ್ಲ. ಹೊಟ್ಟೆಯೊಳಗಿನ ಕೆಂಡ ಮತ್ತೆ ಹೊಗೆಯಾಡಿತು.

ಅಷ್ಟರಲ್ಲಿ ಬಣ್ಣದವಳು ಖಾಲಿ ಕೊಡದೊಂದಿಗೆ ಆ ದಾರಿಯಲ್ಲಿ ಬಂದಳು. ಚರಂಡಿಯ ಬಳಿ ನಿಂತಳು. ಬಗ್ಗಿ ಒಳಗೆ ನೋಡಿದಳು. ಒಳಗೆ ಒಣ ಎಲೆ ಬಿಟ್ಟರೆ ಏನೂ ಇರಲಿಲ್ಲ.

“ಯಜಮಾನರೇ, ಚರಂಡಿ ಬಲು ಚೆಂದ ಇದೆ,” ಎಂದಳು. “ಇದರಲ್ಲಿ ಹರಿಸೋಕೆ ಒಂದು ಕೊಡ ನೀರಿದ್ದರೆ ಕೊಡ್ತೀರಾ?”

ಹಪ್ಪಳದವಳು ತನ್ನ ತಟ್ಟೆಯನ್ನು ಅಲ್ಲೇ ಚಪ್ಪಡಿಯ ಮೇಲಿಟ್ಟು, ಬಣ್ಣದವಳ ಸೊಂಟದ ಕೊಡವನ್ನು ತಾನು ತೆಗೆದುಕೊಂಡಳು. ಇಬ್ಬರೂ ಹಿಂದಿನ ಬೀದಿಯ ನಲ್ಲಿಯ ಕಡೆಗೆ ಹೋದರು.

ವಾರ ಕಳೆದ ಮೇಲೆ ಪುರಸಭೆಯ ಗುಮಾಸ್ತ ಅಂಗಡಿಗೆ ಬಂದು ಒಂದು ಕಾಗದ ಕೊಟ್ಟ. ಪೈಪಿನ ಬದಲು ಚರಂಡಿ ಕೇಳಿದ್ದರಿಂದ ಅರ್ಜಿದಾರರೇ ಹಿಂದಕ್ಕೆ ಪಡೆದಂತಾದ ನೀರಿನ ಅರ್ಜಿಯನ್ನು ಕಚೇರಿಯಲ್ಲಿ ಇಟ್ಟುಕೊಳ್ಳುವಂತಿಲ್ಲವಂತೆ. ಮುಂದಿನ ವರ್ಷ ಬೇಕಾದರೆ ಹೊಸದಾಗಿ ಕೊಡಬೇಕು, ಸರದಿ ಮತ್ತೆ ಮೊದಲಿನಿಂದ ಎಂದು ಹೇಳಿ ಹೋದ.

ವ್ಯಾಪಾರಿ ಕಾಗದ ಬಿಡಿಸಿದ. ಮಡಿಕೆಯಲ್ಲಿ ಹರಿದಿತ್ತು, ಅಂಚು ಹಳದಿಯಾಗಿತ್ತು. ‘ಬೀದಿಯ ಕೊನೆಯ ಏಳು ಮನೆಗಳಿಗೆ ಕುಡಿಯಲು ನೀರಿಲ್ಲ. ಒಬ್ಬ ಹೆಣ್ಣುಮಗಳು ತನ್ನ ಕಸುಬಿನ ನೀರಿಗಾಗಿ ದಿನದ ಅರ್ಧವನ್ನು ಕಳೆಯುತ್ತಿದ್ದಾಳೆ. ನಮಗೆ ಬೇರೇನೂ ಬೇಡ.’ ಅಕ್ಷರ ಮುತ್ತಿನಂತಿತ್ತು. ಯಾರೋ ದೊಡ್ಡ ಮನಸ್ಸಿನವರು ಬರೆದಿರಬೇಕು ಎಂದು ಒಂದು ಗಳಿಗೆ ಅವನಿಗೆ ಅನಿಸಿತು. ಕೆಳಗೆ ನೋಡಿದ. ಅವನದೇ ರುಜು ಇತ್ತು.

ಅಂದು ಮಳೆ ಬಂತು. ಪೇಟೆ ಬೀದಿಯ ನೀರು ಎಂದಿನಂತೆ ಇಳಿಜಾರಿನಲ್ಲಿ ತಾನಾಗಿಯೇ ಹರಿದು ಹೋಯಿತು. ಹಿತ್ತಲ ಗೋಡೆಯ ಆಚೆ ಕೊಳದ ಬೀದಿಯ ಚರಂಡಿ ಸದ್ದು ಮಾಡುತ್ತಿತ್ತು.

ಇಷ್ಟು ಹೇಳಿ ಗುರುಗಳು ಎದ್ದರು. ಒಳಗೆ ಹೋಗಿ, ಶಾಂತಯ್ಯನಿಗೆ ಕೊಟ್ಟಿದ್ದಂಥದೇ ಇನ್ನೊಂದು ಓಲೆಗರಿಯ ಕಟ್ಟನ್ನು ತಂದು ಚೆನ್ನವೀರನ ಮುಂದಿಟ್ಟರು. ಅವನು ಎರಡೂ ಕೈ ಚಾಚಿದ.

“ತೆಗೆದುಕೋ, ಆದರೆ ಈ ಮಠಕ್ಕೆ ಕಾಲಿಟ್ಟ ದಿನ ನೀನು ನನ್ನಲ್ಲಿ ಬೇಡಿದ್ದು ಏನನ್ನು ಎಂದು ಮೊದಲು ಹೇಳು,” ಎಂದರು ಗುರುಗಳು.

ಚಾಚಿದ ಕೈಗಳು ಹಾಗೇ ನಿಂತವು.